ಅಂಜಿನಮ್ಮನ ಖಾಲಿ ಕ್ಯಾನು

"ಹಸ ಮಾರಿ ಮೂರು ತಿಂಗಳಾಯ್ತಲ್ಲೇ, ಈ ಕ್ಯಾನ್ ಹಿಡ್ಕೊಂಡು ಎಲ್ಲಿಗೆ ಹೊರಟೆ?"

ಅತ್ತಿಗೆ ಪಿಳ್ಳಮ್ಮ ಹೀಗೆ ಕೇಳಿದ್ದೇ ತಡ, ಅಂಜಿನಮ್ಮ ಹೊಸಿಲಲ್ಲೇ ನಿಂತುಬಿಟ್ಟಳು. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಕೈಯಲ್ಲಿ ಐದು ಲೀಟರಿನ ಹಾಲಿನ ಕ್ಯಾನು, ಅದರೊಳಗೆ ಒಂದು ತೊಟ್ಟೂ ಇಲ್ಲ. ಲಕ್ವ ಹೊಡೆದು ಮಲಗಿದ ತಮ್ಮನನ್ನು ನೋಡಿಕೊಂಡು ಹೋಗೋಣವೆಂದು ಪಿಳ್ಳಮ್ಮ ಅವತ್ತು ಬೆಳಿಗ್ಗೆ ತಾನೇ ಸೂಲಿಬೆಲೆಯಿಂದ ಬಂದಿದ್ದಳು.

ದೊಡ್ಡಬೆಳವಂಗಲದಲ್ಲಿ ಈ ಕ್ಯಾನಿನ ಗುಟ್ಟು ಗೊತ್ತಿಲ್ಲದವರೇ ಇರಲಿಲ್ಲ. ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದವಳು ಅಂಜಿನಮ್ಮ ಒಬ್ಬಳೇ. ಗಂಡ ಅಪ್ಪಯ್ಯಣ್ಣನ ಕೈಕಾಲಿಗೆ ವ್ಯಾಯಾಮ ಹೇಳಿಸಿಕೊಂಡು ಬರಲು ದೊಡ್ಡಬಳ್ಳಾಪುರದ ಆಸ್ಪತ್ರೆಗೆ ಹೋದಾಗ, ಅಲ್ಲಿ ವ್ಯಾಯಾಮ ಕಲಿಸುವ ಹುಡುಗಿ ಇವಳ ಮುಖ ನೋಡಿ, ಇವರಿಗಿಂತ ಮೊದಲು ನಿಮಗೆ ಬೇಕು, ದಿನಾ ಅರ್ಧ ಗಂಟೆ ಮನೆ ಬಿಟ್ಟು ಸುಮ್ಮನೆ ನಡೆದು ಬನ್ನಿ ಅಂದಿದ್ದಳು. ಸುಮ್ಮನೆ ಅಂತೆ! ಗಂಡ ಹಾಸಿಗೆ ಹಿಡಿದಿರುವಾಗ ಹೆಂಡತಿ ಕೈ ಬೀಸಿಕೊಂಡು ಬೀದಿಯಲ್ಲಿ ನಡೆದರೆ ಊರು ಸುಮ್ಮನಿರುತ್ತದೆಯೇ? ಕ್ಯಾನು ಹಿಡಿದರೆ ಡೈರಿಗೆ ಹೊರಟ ಹೆಂಗಸು, ಅಷ್ಟೆ. ಸಂಜೆ ಮಗಳು ಸಿಂಚನ ಕೆಲಸದಿಂದ ಬಂದು ಅಪ್ಪನ ಪಕ್ಕ ಕೂತ ಕೂಡಲೇ ಇವಳು ಹೊರಡುತ್ತಿದ್ದಳು. ಡೈರಿ ದಾಟಿ, ಕೆರೆ ಏರಿಯ ತುದಿ ಮುಟ್ಟಿ ವಾಪಸ್ಸು. ಅಲ್ಲಿ ಯಾರೂ ಅವಳನ್ನು ಕೂಗುತ್ತಿರಲಿಲ್ಲ, ಏನೂ ಕೇಳುತ್ತಿರಲಿಲ್ಲ. ಆ ಅರ್ಧ ಗಂಟೆ ಇಲ್ಲದಿದ್ದರೆ ತನಗೆ ಹುಚ್ಚೇ ಹಿಡಿಯುತ್ತಿತ್ತು ಎನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಈಗ ಸುಳ್ಳು ಹೇಳಲು ನಾಲಿಗೆ ಹೊರಳಲಿಲ್ಲ. ನಡೆದಾಡಲಿಕ್ಕೆ ಅಂದಳು. ಪಿಳ್ಳಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಬಿಡಲಿಲ್ಲ. ತನ್ನ ಗಂಡ ಮಲಗಿದ್ದ ಎರಡು ವರ್ಷ ತಾನು ಪಕ್ಕದ ಮನೆಯ ಮದುವೆಗೂ ಎದ್ದು ಹೋದವಳಲ್ಲ ಎಂದಳು. ತಮ್ಮನ ದನಿ ಬಿದ್ದುಹೋಗಿರುವುದಕ್ಕೇ ಇವಳಿಗೆ ಇಷ್ಟು ಧೈರ್ಯ ಎಂದಳು.

"ನೀನು ಅಡ್ಡಾಡ್ಕೊಂಡು ಬರೋ ಹೊತ್ಗೆ ಅವನಿಗೇನಾರ ಆದ್ರೆ?"

ಅಂಜಿನಮ್ಮನಿಗೆ ಅಳು ಬಂತು. ಅತ್ತಿಗೆ ಹೇಳಿದ್ದರಲ್ಲಿ ತಪ್ಪೇನಿದೆ ಅನ್ನಿಸಿ ಇನ್ನೂ ಹೆಚ್ಚಾಗಿ ಬಂತು. ಕ್ಯಾನನ್ನು ಮೂಲೆಗಿಟ್ಟು, ಇನ್ನು ಮೇಲೆ ಹೋಗುವುದಿಲ್ಲ ಬಿಡಕ್ಕ ಎಂದು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಲೇ ಗಂಡನ ಮಗ್ಗುಲು ಬದಲಿಸಲು ಬಂದಳು.

ಅಪ್ಪಯ್ಯಣ್ಣ ಸ್ವಾಧೀನವಿದ್ದ ಕೈಯನ್ನು ತಟ್ಟನೆ ಅಡ್ಡ ಹಿಡಿದ. ದಿನಕ್ಕೆ ನಾಲ್ಕು ಮಾತು ಹೊರಡಿಸಲೂ ಒದ್ದಾಡುತ್ತಿದ್ದವನು ಅವನು. ಈಗ ಹೆಂಡತಿಯ ಮುಖ ನೋಡದೆ, ಅಕ್ಕನ ಕಡೆ ತಿರುಗಿ, ಓರೆಯಾದ ಬಾಯಿಂದ ಒಂದೊಂದೇ ಮಾತು ಜೋಡಿಸಿದ.

"ಕಳಿಸಕ್ಕ ಅವಳನ್ನ. ಹೋದ್ರೆ ನಂಗೇನೂ ಆಗಲ್ಲ. ಹೋಗ್ದೆ ಇದ್ದ ದಿನ... ಅವಳು ಮುಟ್ಟಿದ್ರೆ ನೋಯ್ತದೆ."