ಬೋರ್ಡಣ್ಣನ ಐದನೆಯ ಕಾಗದ

ನಾಲ್ಕನೆಯ ಕಾಗದವನ್ನೂ ಆಸ್ಪತ್ರೆಯ ಮೇಡಮ್ ಮೇಜಿನ ಮೇಲೆ ಅವನ ಕಡೆಗೇ ತಿರುಗಿಸಿ ಇಟ್ಟರು. ಬೋರ್ಡಣ್ಣನ ಪಿತ್ತ ನೆತ್ತಿಗೇರಿತು.

ಊರಿನ ಅರ್ಧ ಅಂಗಡಿಗಳ ಹಣೆಯ ಮೇಲೆ ಅವನ ಅಕ್ಷರವಿತ್ತು. ಔಷಧಿ ಅಂಗಡಿ, ಕನ್ನಡಕದ ಅಂಗಡಿ, ಕ್ಷೌರದಂಗಡಿ, ಒಂದನ್ನೂ ಬಿಟ್ಟವನಲ್ಲ. ‘ಧನ್ಯವಾದಗಳು, ಮತ್ತೆ ಬನ್ನಿ’ ಎಂದು ಎಷ್ಟು ಬಾಗಿಲುಗಳ ಮೇಲೆ ಬರೆದಿದ್ದನೋ ಅವನಿಗೇ ನೆನಪಿಲ್ಲ. ಅಂಥ ಆಸಾಮಿಗೆ ತನ್ನದೇ ಒಂದು ಧನ್ಯವಾದ ಬರೆಯಲು ಎರಡು ತಿಂಗಳಿಂದ ಆಗುತ್ತಿಲ್ಲ ಎಂದರೆ ಕೇಳಿದವರು ನಗದೆ ಇರುತ್ತಾರೆಯೇ? ಅದಕ್ಕೇ ಅವನು ಯಾರಿಗೂ ಹೇಳಿರಲಿಲ್ಲ.

ಹೃದಯ ಬದಲಿಸುವ ಆಪರೇಷನ್ ನಡೆದು ಹನ್ನೊಂದು ತಿಂಗಳಾಗಿತ್ತು. ಕೊಟ್ಟವರು ಯಾರು, ಪಡೆದವರು ಯಾರು ಎಂದು ಒಬ್ಬರದು ಇನ್ನೊಬ್ಬರಿಗೆ ತಿಳಿಯಬಾರದು, ಅದು ಆಸ್ಪತ್ರೆಯ ನಿಯಮ. ಕಾಗದ ಬರೆಯಬಹುದು. ಆದರೆ ಮೇಡಮ್ ಓದಿ ಒಪ್ಪಬೇಕು, ಅವರೇ ತಲುಪಿಸಬೇಕು. ಟೈಪ್ ಮಾಡಿಸಿದ್ದು ಬೇಡ, ಕೈಯಲ್ಲಿ ಬರೆದರೇನೇ ಮನುಷ್ಯರು ಬರೆದ ಹಾಗಿರುತ್ತದೆ ಎಂದೂ ಅವರು ಮೊದಲ ದಿನವೇ ಹೇಳಿದ್ದರು.

ಮೊದಲನೆಯ ಕಾಗದದಲ್ಲಿ ಹೆಸರು, ಫೋನ್ ನಂಬರು ಹಾಕಿದ್ದ. ಮೇಡಮ್ ಹೊಡೆದುಹಾಕಿದರು. ಎರಡನೆಯದರಲ್ಲಿ ತನ್ನ ಕಸುಬಿನ ವಿಷಯ ಬರೆದ, ಅದೂ ಹೋಯಿತು. ಮೂರನೆಯದರಲ್ಲಿ, ಒಂದೇ ಒಂದು ಸಲ ದೂರದಿಂದ ನೋಡಿ ಕೈಮುಗಿದು ಬರುತ್ತೇನೆ ಎಂದು ಅಂಗಲಾಚಿದ್ದ. ಅದಕ್ಕೂ ಕೆಂಪು ಗೆರೆ ಬಿತ್ತು. ಪ್ರತಿ ಸಲ ಉಳಿದದ್ದು ಒಂದೇ ಸಾಲು: ‘ನೀವಿಲ್ಲದಿದ್ದರೆ ಈ ಹೃದಯ ಆವತ್ತೇ ನಿಂತುಹೋಗುತ್ತಿತ್ತು.’ ನಾಲ್ಕನೆಯ ಕಾಗದದಲ್ಲಿ ಬಲು ಹುಷಾರಾಗಿ, ಊರಿಲ್ಲ, ಕೇರಿಯಿಲ್ಲ, ಬರೀ ಕೃತಜ್ಞತೆ ತುಂಬಿಸಿ ತಂದಿದ್ದ.

“ಈಗೇನು ತಪ್ಪಿದೆ ಇದರಲ್ಲಿ?”

“ಮಾತಲ್ಲಿ ತಪ್ಪಿಲ್ಲ ಯಜಮಾನ್ರೇ. ಅಕ್ಷರ ನೋಡಿ. ಈ ಬಾಲ ಸುತ್ತಿದ ‘ಳ’ ನಮ್ಮನೆ ಎದುರಿನ ಬೇಕರಿ ಬೋರ್ಡಲ್ಲೂ ಇದೆ. ಈ ಕಾಗದ ತಲುಪಬೇಕಾದೋರೂ ಇದೇ ಬೀದೀಲಿ ಓಡಾಡೋರು. ನೋಡಿದ ತಕ್ಷಣ ಯಾರು ಬರೆದಿದ್ದು ಅಂತ ಗೊತ್ತಾಗಿಬಿಡುತ್ತೆ.”

ಇದ್ಯಾವ ಸೀಮೆಯ ನ್ಯಾಯ! ಮೂವತ್ತು ವರ್ಷ ಊರೆಲ್ಲ ಹೊಗಳಿದ ಕೈ ಇವತ್ತು ಅಪರಾಧಿಯಾಯಿತೇ?

“ಇನ್ನು ಕೈಯನ್ನೂ ಕತ್ತರಿಸಿ ಕೊಡ್ಬೇಕಾ?” ಎಂದುಬಿಟ್ಟ.

ಮೇಡಮ್ ತಲೆ ತಗ್ಗಿಸಿದರು. ಅವನೂ ನಾಲಿಗೆ ಕಚ್ಚಿಕೊಂಡ. ಆಮೇಲೆ ಅವರು ಹೇಳಬಾರದ್ದನ್ನು ಹೇಳುವವರಂತೆ ದನಿ ಇಳಿಸಿದರು. “ಬೇಗ ಬರೀರಿ. ಅವರಿಗೆ ಊಟ ಸೇರ್ತಿಲ್ಲ. ಯಾರ ಮುಖಾನೂ ನೋಡಲ್ಲ. ನನ್ನಿಂದ ತಪ್ಪಾಯ್ತು, ನನ್ನಿಂದ ತಪ್ಪಾಯ್ತು ಅಂತ ಒಂದೇ ಕೊರಗು. ನಮ್ಮ ಮಾತು ಯಾವುದೂ ನಾಟ್ತಿಲ್ಲ. ನಿಮ್ಮ ಕಾಗದವಾದ್ರೂ ನಾಟುತ್ತೇನೋ.”

ಅವನ ಕೋಪ ಜರ್ರನೆ ಇಳಿಯಿತು, ಕಾಗದ ಮಡಿಸಿ ಜೇಬಿಗಿಟ್ಟು ಎದ್ದ. ಹಾಗೆ ಕೊರಗಿ ಕೊರಗಿ ಆ ಜೀವಕ್ಕೆ ಏನಾದರೂ ಆಗಿಬಿಟ್ಟರೆ ತಾನು ತಾಳಿಕೊಳ್ಳುವುದುಂಟೇ? ದಾರಿಯುದ್ದಕ್ಕೂ ತನ್ನದೇ ಬೋರ್ಡುಗಳು ಅವನನ್ನು ಅಣಕಿಸಿದವು.

ಮನೆಯಲ್ಲಿ ಹೆಂಡತಿ, ಮಧ್ಯಾಹ್ನದ ಮಾತ್ರೆ ನುಂಗದೆ ಪೆನ್ನು ಮುಟ್ಟಕೂಡದು ಎಂದು ತಾಕೀತು ಮಾಡಿದಳು. ನುಂಗಿದ. ಆಪರೇಷನ್ನಿನ ದಿನದಿಂದ ಅವನನ್ನು ಏಣಿ ಹತ್ತಲೂ ಅವಳು ಬಿಟ್ಟಿರಲಿಲ್ಲ. ಆಮೇಲೆ ಅಕ್ಷರ ಕೆಡಿಸಲು ಕೂತ. ಬೇಕೆಂದೇ ಓರೆಯಾಗಿ ಬರೆದ, ಬಾಲ ಮುರಿದ, ತಲೆಕಟ್ಟು ಹಾರಿಸಿದ.

ಅವಳು ಇಣುಕಿ ನೋಡಿ, “ಇದು ಕೆಟ್ಟ ಅಕ್ಷರಾನಾ? ಮದುವೆ ಕಾಗದ ಇದ್ದಂಗಿದೆ,” ಎಂದಳು.

ಹಾಳೆ ಹರಿದ. ಇನ್ನೊಂದು ಹರಿದ. ಪೆನ್ನಿನ ಮೇಲೆ ಸಿಟ್ಟು, ಆಸ್ಪತ್ರೆಯ ಮೇಲೆ ಸಿಟ್ಟು, ತನ್ನ ಮೇಲಂತೂ ಹೇಳತೀರದು. ನೀನೇ ಬರೆದುಕೊಡು ಎಂದು ಪೆನ್ನನ್ನು ಹೆಂಡತಿಯ ಕಡೆಗೆ ಎಸೆದ. ಅವಳು ಎತ್ತಿಕೊಂಡು ಬಂದು ಮತ್ತೆ ಅವನ ಮುಂದೆಯೇ ಇಟ್ಟಳು.

“ಆವತ್ತು ಆಸ್ಪತ್ರೇಲಿ ಸಹಿ ಹಾಕಿದ್ದು ನೀವು. ಇದನ್ನೂ ನೀವೇ ಬರೀಬೇಕು.”

ಆ ಸಹಿಯೊಂದೇ ಅವನ ಜನ್ಮದಲ್ಲಿ ನಡುಗಿದ ಅಕ್ಷರ. ಅದನ್ನು ನೆನೆದು ಅವನು ಹೊಸ ಹಾಳೆ ಎಳೆದುಕೊಂಡ. ಕೊನೆಗೆ ಪೆನ್ನನ್ನು ಎಡಗೈಗೆ ತೆಗೆದುಕೊಂಡ.

ಎಡಗೈಗೆ ಚಂದ ಗೊತ್ತಿಲ್ಲ. ಒಂದೊಂದು ಅಕ್ಷರಕ್ಕೂ ಉಸಿರು ಬಿಗಿಹಿಡಿಯಬೇಕಾಯಿತು. ಇಷ್ಟು ಕಷ್ಟಪಟ್ಟು ದೊಡ್ಡ ಮಾತು ಬರೆಯುವುದು ಯಾರಿಗೆ ಬೇಕು? ‘ಕೃತಜ್ಞತೆ’ ಎಂಬ ಪದಕ್ಕೆ ಮೊದಲೇ ಕೈಮುಗಿದ. ‘ಚಿರಋಣಿ’ಯೂ ಹೋಯಿತು. ಮನಸ್ಸಿನಲ್ಲಿ ಇದ್ದದ್ದಷ್ಟೇ ಉಳಿಯಿತು. ಬೆವರು ಒರೆಸಿಕೊಂಡು ಮುಗಿಸುವಾಗ ಸಂಜೆಯಾಗಿತ್ತು. ಹೆಂಡತಿ ಓದಿದಳು, ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಹೋದಳು.

ಮಾರನೆಯ ಬೆಳಿಗ್ಗೆ ಮೇಡಮ್ ಕೆಂಪು ಪೆನ್ನು ಕೈಯಲ್ಲಿ ಹಿಡಿದೇ ಓದತೊಡಗಿದರು. ಅರ್ಧಕ್ಕೆ ಪೆನ್ನು ಕೆಳಗಿಟ್ಟರು. ಒಂದು ಅಕ್ಷರವನ್ನೂ ಹೊಡೆಯದೆ ಲಕೋಟೆಗೆ ಹಾಕಿ ಅಂಟಿಸಿ, ಇವತ್ತೇ ಕೊಟ್ಟುಬರುತ್ತೇನೆ ಎಂದು ಎದ್ದೇಬಿಟ್ಟರು.

‘ನಿಮ್ಮದೇನೂ ತಪ್ಪಿಲ್ಲ, ಹೊಟ್ಟೆ ತುಂಬ ಉಣ್ಣಿ, ಚೆನ್ನಾಗಿ ನಿದ್ದೆ ಮಾಡಿ, ನನ್ನ ಮಗಳನ್ನು ನಾವು ಮಣ್ಣು ಮಾಡಿ ಬಂದ ಮೇಲೂ ಅವಳ ಹೃದಯವನ್ನು ನಿಮ್ಮ ಎದೆಯಲ್ಲಿಟ್ಟು ಸಾಕುತ್ತಿದ್ದೀರಿ, ಧನ್ಯವಾದ.’