ಬಾಯಿ ತೆಗೆಯದೆ ಹಾಡಿದವ

ಎರಡು ಬಂಡಿಗಳನ್ನು ರಸ್ತೆಗೆ ಅಡ್ಡ ನಿಲ್ಲಿಸಿ, ಎತ್ತುಗಳನ್ನು ಬಿಚ್ಚಿ ಬೇವಿನ ಮರಕ್ಕೆ ಕಟ್ಟಿ, ಅಮರಗುಂಡಪ್ಪ ಹೆಗಲ ಮೇಲೆ ಶಾಲು ಹಾಕಿಕೊಂಡು ಲಿಂಗಸುಗೂರಿನ ದಿಕ್ಕಿಗೆ ಮುಖ ಮಾಡಿ ನಿಂತ. ಆ ಕಡೆಯಿಂದ ಬರುವ ಪಾಪ್ ಗಾಯಕ ಇನ್ನು ಮಸ್ಕಿಯಲ್ಲಿ ಚಹಾ ಕುಡಿಯದೆ ಸಿಂಧನೂರು ಮುಟ್ಟುವ ಹಾಗಿರಲಿಲ್ಲ.

ಎಂಬತ್ತೇಳರ ಆ ರವಿವಾರ ಸಂಜೆ ಸಿಂಧನೂರಿನಲ್ಲಿ ಬೊಂಬಾಯಿಯ ಡಿಸ್ಕೊ ಮಿಕ್ಕಿಯ ಹಾಡು. ಕರೆಸಿದವನು ಅಮರಗುಂಡಪ್ಪನ ಬೀಗ, ಅಕ್ಕಿ ಗಿರಣಿಯ ಕರಿಬಸಪ್ಪ. ಹೋದ ವಾರ ಊಟಕ್ಕೆ ಬಂದವನು ಹೋಳಿಗೆ ಮುರಿಯುತ್ತ, "ನಮ್ಮೂರಿಗೆ ಕಾಲುವಿ ಬಂತು, ಟಾಕೀಜ್ ಬಂತು, ಈಗ ಪಾಪ್ ಬರಾಕತ್ತೈತಿ. ನಿಮ್ಮ ಮಸ್ಕ್ಯಾಗ ಬಸ್ ಬಿಟ್ರ ಏನ್ ನಿಂದರತೈತ್ರಿ, ಬೀಗರ?" ಎಂದಿದ್ದ. ತಕ್ಷಣಕ್ಕೆ ನಿಂತದ್ದು ಅಮರಗುಂಡಪ್ಪನ ಗಂಟಲಲ್ಲಿನ ತುತ್ತು. ಅದನ್ನು ನುಂಗಿ, "ಆ ಮಿಕ್ಕಿ ನಮ್ಮೂರಾಗ ನಿಂತು ಚಾ ಕುಡದ ಮುಂದ ಹೋಗ್ತಾನ. ಕುಡೀಲಿಲ್ಲಂದ್ರ ಈ ರುಮಾಲು ತಗದು ನಿಮ್ಮ ಕೈಯಾಗ ಇಡತೀನಿ!" ಎಂದುಬಿಟ್ಟ. ಮೂವತ್ತು ವರ್ಷಗಳಿಂದ ಸ್ನಾನಕ್ಕೆ, ನಿದ್ದೆಗೆ ಬಿಟ್ಟರೆ ಯಾರೆದುರೂ ತಲೆಯಿಂದ ಇಳಿಯದ ರುಮಾಲು ಅದು.

ಅದೇ ದಿನ ಅದೇ ರಸ್ತೆಯಲ್ಲಿ ಮೋಟಾರು ರ‍್ಯಾಲಿ ಹಾದುಹೋಗುತ್ತದೆಂಬ ಸುದ್ದಿ ಪತ್ರಿಕೆಯ ಮೂಲೆಯಲ್ಲಿ ಬಂದಿತ್ತು. ಆ ಮೂಲೆಯಲ್ಲಿ ಚಹಾದಂಗಡಿಯ ರಾಜೇಸಾಬ್ ಯಾರಿಗೋ ಮಿರ್ಚಿ ಭಜಿ ಕಟ್ಟಿಕೊಟ್ಟಿದ್ದ.

ಹತ್ತೂವರೆಗೆ ಮೊದಲು ಸದ್ದು ಬಂತು, ಆಮೇಲೆ ಧೂಳು, ಧೂಳಿನೊಳಗಿಂದ ಕಾರು. ಮೈತುಂಬ ಅಕ್ಷರ, ಮೂತಿಗೆ ಆರು ದೀಪ. ಬಂಡಿಗೆ ಗೇಣು ಉಳಿದಾಗ ಕೀರೆಂದು ನಿಂತಿತು. ಒಳಗಿದ್ದವನು ಕೊರಳಿಂದ ಪಾದದವರೆಗೆ ಒಂದೇ ಹೊಳೆಯುವ ಅಂಗಿ ತೊಟ್ಟು, ತಲೆಗೆ ಹೆಲ್ಮೆಟ್ಟು ಹಾಕಿದ್ದ. ಪಾಪ್ ಗಾಯಕನಲ್ಲದೆ ಬೇರೆ ಯಾರು ಹೀಗೆ ಹೊರಬೀಳುತ್ತಾರೆ?

"ಬಾಜೂಕ ಬುಕ್ಕ ಹಿಡದು ಕುಂತಾನಲ್ಲ, ಅಂವ ಯಾರು?" ಅಮರಗುಂಡಪ್ಪ ಕೇಳಿದ.

"ಪುರಾಣದಾಗ ಒಬ್ಬಾಂವ ಓದತಾನ, ಒಬ್ಬಾಂವ ಅರ್ಥ ಹೇಳತಾನಲ್ರಿ ಸಾವ್ಕಾರ. ಪಾಪಿನಾಗೂ ಹಂಗ ಇರಬೇಕು," ಎಂದ ರಾಜೇಸಾಬ್.

ಬುಕ್ಕಿನವನು ತಲೆ ಹೊರಹಾಕಿ, "ರ‍್ಯಾಲಿ! ರ‍್ಯಾಲಿ!" ಎಂದು ಕೂಗಿದ.

"ರ‍್ಯಾಲಿ ಆಮ್ಯಾಲ ತಗಿಯೂನಂತ. ಇಡೀ ಊರು ಬರತೈತಿ. ಮೊದಲು ಚಾ ಕುಡೀರಿ," ಎಂದು ಅಮರಗುಂಡಪ್ಪ ಕಿಟಕಿಯಿಂದಲೇ ಶಾಲು ಹೊದಿಸಿದ. ಮಾಲೆ ಹೆಲ್ಮೆಟ್ಟಿನಿಂದ ಕೆಳಗಿಳಿಯಲಿಲ್ಲ, ಅಲ್ಲೇ ಬಿಟ್ಟ. ಬುಕ್ಕಿನವನು ಗಡಿಯಾರ ನೋಡಿ ಹಣೆ ಚಚ್ಚಿಕೊಂಡ. ಹೊಳೆಯುವ ಅಂಗಿಯವನು ಸುಡುಸುಡು ಚಹಾವನ್ನು ಒಂದೇ ಗುಟುಕಿಗೆ ಇಳಿಸಿ, ಕಣ್ಣಲ್ಲಿ ನೀರು ತಂದುಕೊಂಡ. ಸನ್ಮಾನಕ್ಕೆ ಹೀಗೆ ಕರಗಿದವನನ್ನು ಮಸ್ಕಿ ಹಿಂದೆ ನೋಡಿರಲಿಲ್ಲ.

"ಒಂದ ಹಾಡು ಹಾಡಿ ಹೋಗ್ರೀಪಾ. ಸಣ್ಣದು."

ಅವನು ಉತ್ತರವಾಗಿ ಆಕ್ಸಿಲರೇಟರ್ ಒತ್ತಿದ. ಡರ್ರ್‌ರ್! ಬಿಟ್ಟು ಒತ್ತಿದ. ಡರ್ರ್‌ರ್! ಬೇವಿನ ಮರದ ಕೆಳಗೆ ಎತ್ತುಗಳು ಕಿವಿ ನೆಟ್ಟಗೆ ಮಾಡಿದವು. ರಾಜೇಸಾಬ್ ತೊಡೆಯ ಮೇಲೆ ತಾಳ ಹಾಕತೊಡಗಿದ.

"ಮಾತು ತಿಳೀಲಿಲ್ಲ. ಆದ್ರ ತಾಳ ಗಟ್ಟಿ ಐತಿ," ಎಂದು ಅಮರಗುಂಡಪ್ಪ ತಲೆದೂಗಿದ.

ಅಷ್ಟರಲ್ಲಿ ಹಿಂದೆ ಒಂದು ಬಿಳಿ ಅಂಬಾಸಿಡರ್ ಬಂದು ದಾರಿಗಾಗಿ ಹಾರ್ನ್ ಹೊಡೆಯತೊಡಗಿತು. ಅಮರಗುಂಡಪ್ಪ ಕೆರಳಿ ಅಲ್ಲಿಗೆ ಹೋದ. ಹಿಂದಿನ ಸೀಟಿನಲ್ಲಿ ಕರಿ ಕನ್ನಡಕ, ಹಳದಿ ಕರ್ಚೀಫಿನವನೊಬ್ಬ ಬಾಯಿ ತೆರೆದು ನಿದ್ದೆ ಹೋಗಿದ್ದ. "ಏನ್ ಮಂದೀಪಾ ನೀವು! ಸಂಗೀತ ನಡದಾಗ ಪಾಂ ಪಾಂ ಅಂತೀರಿ. ಹಳ್ಳದ ಕಡಿಂದ ಸುತ್ತು ಹಾಕಿ ಹೋಗ್ರಿ!" ಎಂದು ಡ್ರೈವರನನ್ನು ಗದರಿಸಿ ಕಳಿಸಿದ. ಆಮೇಲೆಯೇ ಬಂಡಿ ಸರಿಸಿದರು.

ಸಂಜೆ ಅಮರಗುಂಡಪ್ಪ ರುಮಾಲಿಗೆ ಇನ್ನೊಂದು ಸುತ್ತು ಬಿಗಿದು ಸಿಂಧನೂರಿಗೆ ಹೋದ. ಕರಿಬಸಪ್ಪ ಬೀಗರಿಗೆಂದು ಎಲ್ಲರಿಗಿಂತ ಮುಂದೆ ಸೋಫಾ ಹಾಕಿಸಿದ್ದ. ಬೀರುವಿನಷ್ಟು ಎತ್ತರದ ಸ್ಪೀಕರ್ ಡಬ್ಬಿಯಿಂದ ಅದು ಒಂದು ಮಾರು ದೂರ.

"ಕುಡದನೇನ್ರಿ ಚಾ?"

"ಒಂದ ಗುಟುಕಿಗೆ. ಮ್ಯಾಲೊಂದು ಹಾಡೂ ಹಾಡಿದ."

ಕರಿಬಸಪ್ಪನ ಮುಖ ಸಣ್ಣದಾಯಿತು. ಪರದೆ ಸರಿಯಿತು. ಆರು ದೀಪ ಒಮ್ಮೆಲೇ ಹೊತ್ತಿದವು, ಹೊಗೆ ಎದ್ದಿತು. ಹೊಗೆಯೊಳಗಿಂದ ಬಂದದ್ದು ಕರಿ ಕನ್ನಡಕ, ಹಳದಿ ಕರ್ಚೀಫು. ಬೆಳಿಗ್ಗೆ ನಿದ್ದೆಯಲ್ಲಿ ತೆರೆದಿದ್ದ ಬಾಯಿ ಇನ್ನೂ ಮುಚ್ಚಿರಲಿಲ್ಲ.

ಅಮರಗುಂಡಪ್ಪ ಅಲುಗಾಡದೆ ಮೂರು ಹಾಡು ಕೇಳಿದ. ಕೇಳುತ್ತ ತೂಗಿ ನೋಡಿದ. ಬೆಳಿಗ್ಗೆ ಬಂದವನಿಗೆ ಆರು ದೀಪ, ಇವನಿಗೂ ಆರು. ಅವನದು ಧೂಳು, ಇವನದು ಹೊಗೆ. ಮಾತು ಇಬ್ಬರದೂ ತಿಳಿಯಲಿಲ್ಲ. ಆದರೆ ಅವನು ಗೇರು ಬದಲಿಸಿಕೊಂಡು ಮುಂದೆ ಹೋಗಿದ್ದ. ಇವನು ಮೊದಲ ಗೇರಿನಲ್ಲೇ ಮೂರನೇ ಹಾಡು ಮುಗಿಸಿದ್ದ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕೊಟ್ಟ ಮಾತು ಮಾತ್ರ ತಲೆಯ ಮೇಲೆಯೇ ಕೂತಿತ್ತು.

ಅಮರಗುಂಡಪ್ಪ ಎರಡೂ ಕೈಯಿಂದ ರುಮಾಲು ತೆಗೆದ. ಬಿಸಿಲು ಕಾಣದ ನೆತ್ತಿ ಆರು ದೀಪದ ಬೆಳಕಿಗೆ ಏಳನೆಯದಾಗಿ ಹೊಳೆಯಿತು. ರುಮಾಲನ್ನು ಬೀಗನ ಕೈಯಲ್ಲಿಟ್ಟು ಕಿವಿಯಲ್ಲಿ ಕೂಗಿದ: "ಸೋತೀನ್ರಿ, ಬೀಗರ! ಚಾ ಕುಡದಂವ ಇಂವ ಅಲ್ಲ. ಆದ್ರ ಒಂದ ಮಾತು. ಅಂವ ಇವಂಗಿಂತ ಛಲೋ ಹಾಡಿದ. ಅದೂ ಬಾಯಿ ತಗೀಲಾರದ!"

ನಾಲ್ಕನೇ ಹಾಡು ಸುರುವಾಯಿತು. ಗೆದ್ದ ಕರಿಬಸಪ್ಪ ರುಮಾಲನ್ನು ಪೂರ್ತಿ ಬಿಚ್ಚಿ, ಒಮ್ಮೆ ಝಾಡಿಸಿ, ತನ್ನ ತಲೆಗೆ ಸುತ್ತಿಕೊಂಡ. ಎರಡೂ ಕಿವಿ ಮುಚ್ಚುವ ಹಾಗೆ, ಬಿಗಿಯಾಗಿ.