ಲೈಬ್ರರಿ ಪೀರಿಯಡ್

ಎರಡನೇ ಸಿ ಕ್ಲಾಸಿನ ಕೊನೆಯ ಸಾಲಿನಿಂದ ಏಳು ಡೆಸ್ಕುಗಳನ್ನು ಶಾಲೆಯ ಆಯಾ ಫರ್ಝಾನಾ ಮತ್ತು ಮುದ್ದುಕೃಷ್ಣ ಒಂದೊಂದಾಗಿ ಎತ್ತಿ ಲೈಬ್ರರಿಯ ಹಿಂದಿನ ಸ್ಟೋರ್ ರೂಮಿಗೆ ಸಾಗಿಸಿದರು. ಕಾಲು ನೆಲಕ್ಕೆ ತಾಗಿ ಸದ್ದಾಗಬಾರದು. ಆಗಲಿಲ್ಲ. ಡೆಸ್ಕುಗಳಿದ್ದ ಕಡೆ ನೆಲ ಬೇರೆ ಬಣ್ಣಕ್ಕೆ ತಿರುಗಿತ್ತು. ಫರ್ಝಾನಾ ಅದನ್ನು ಒದ್ದೆ ಬಟ್ಟೆಯಿಂದ ಒರೆಸಿ, ಉಳಿದ ಡೆಸ್ಕುಗಳನ್ನು ತುಸು ಹಿಂದಕ್ಕೆ ಸರಿಸಿದಳು. ಈಗ ಕ್ಲಾಸಿನಲ್ಲಿ ಮೂವತ್ತು ಡೆಸ್ಕು. ಬಾಗಿಲ ಮೇಲೆ ಬರೆದಿದ್ದ ಮಕ್ಕಳ ಮಿತಿಯೂ ಮೂವತ್ತೇ.

ಆ ಏಳು ಡೆಸ್ಕುಗಳ ಮಕ್ಕಳು ಆಗಲೇ ಲೈಬ್ರರಿಯಲ್ಲಿದ್ದರು. ದೋಹಾದ ಆ ಶಾಲೆ ಬೆಳಿಗ್ಗೆ ತುಂಬಿ, ಅದೇ ಕಟ್ಟಡದಲ್ಲಿ ಮಧ್ಯಾಹ್ನದ ಶಿಫ್ಟು ಶುರುವಾಗಿ, ಅದೂ ತುಂಬಿತ್ತು. ಶಾಲೆಯ ಕೆಲಸದವರ ಮನೆಯ ಮಕ್ಕಳು ಎಂದು ಈ ಏಳು ಮಂದಿಯನ್ನು ಹೆಚ್ಚಿಗೆ ಸೇರಿಸಿಕೊಂಡಿದ್ದರು. ಹಾಜರಿ ಪುಸ್ತಕದಲ್ಲಿ ಅವರ ಹೆಸರಿಲ್ಲ. ಬೇರೆ ಮಗುವಿನ ಅಪ್ಪನ ಕೆಲಸ ಹೋಗಿ, ಆ ಸಂಸಾರ ವೀಸಾ ರದ್ದಾಗಿ ಎಕ್ಸಿಟ್ ಆಗಿ ಊರಿಗೆ ಹೋದರೆ, ಆ ಜಾಗಕ್ಕೆ ಇವರಲ್ಲಿ ಒಬ್ಬರ ಹೆಸರು ಬರುತ್ತದೆ. ಅಷ್ಟರೊಳಗೆ ತಪಾಸಣೆಯವರಿಗೆ ಸಿಕ್ಕಿಬಿದ್ದರೆ ಮರುದಿನದಿಂದ ಶಾಲೆ ಇಲ್ಲ. ಏಳರಲ್ಲಿ ಒಬ್ಬಳು ಶಝಾ, ಫರ್ಝಾನಾಳ ಅಕ್ಕ ಫಸೀಲಾಳ ಮಗಳು. ಒಂದು ವರ್ಷ ಬಿನ್ ಮಹಮೂದ್ ಬಡಾವಣೆಯ ಫ್ಲ್ಯಾಟಿನಲ್ಲಿ ಶಾಲೆಯಿಲ್ಲದೆ ಕೂತಿದ್ದವಳು. ಇದೂ ಹೋದರೆ ತಾಯಿ ಮಗಳು ಬಂಟ್ವಾಳಕ್ಕೆ, ಭಾವ ಬ್ಯಾಚುಲರ್ ರೂಮಿಗೆ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು.

"ಈ ಡೆಸ್ಕುಗಳಷ್ಟು ವಾಕಿಂಗ್ ನಾನು ಮಾಡಿದ್ರೆ ನನ್ನ ಶುಗರ್ ಯಾವತ್ತೋ ಇಳೀತಿತ್ತು," ಎಂದ ಆಫೀಸ್ ಬಾಯ್ ಮುದ್ದುಕೃಷ್ಣ, ಸ್ಟೋರಿಗೆ ಬೀಗ ಹಾಕುತ್ತಾ. ಅವನಿಗೆ ಐವತ್ತೆರಡು ವರ್ಷ. "ಗೊತ್ತುಂಟಾ? ದುಖಾನಿನ ಎಣ್ಣೆ ಬಾವಿ ಕಡೆ ಒಂದು ಕಂಟ್ರಾಕ್ಟ್ ಖಲಾಸ್ ಅಂತೆ. ನಲ್ವತ್ತು ಜನಕ್ಕೆ ಎಕ್ಸಿಟ್."

"ಪಾಪ, ಹಾಗೆ ನಗಾಡಬೇಡಿ ಮುದ್ದಣ್ಣ."

"ನಾನೆಲ್ಲಿ ನಗಾಡಿದೆ ಮಾರಾಯ್ತಿ?"

ಫರ್ಝಾನಾ ಬಟ್ಟೆ ಹಿಂಡಿದಳು. ಅದನ್ನು ಬಕೆಟ್ಟಿನ ಅಂಚಿಗೆ ಹಾಕುತ್ತಾ ಕೇಳಿದಳು: "ಅವರಲ್ಲಿ ಯಾರಿಗಾದ್ರೂ ಎರಡನೇ ಕ್ಲಾಸಿನ ಮಕ್ಕಳು ಇದ್ದಾರಂತಾ?"

ಮುದ್ದುಕೃಷ್ಣ ಉತ್ತರ ಹೇಳುವ ಮೊದಲು ಸೂಪರ್‌ವೈಸರ್ ವಿಲ್ಮಾ ಮೇಡಂ ಬಂದರು. "ಯಲ್ಲಾ, ಯಲ್ಲಾ, ಬೇಗ. ತಪಾಸಣೆಯವರು ಗೇಟಿನ ಹತ್ರ ಬಂದಾಯ್ತು. ಫರ್ಝಾನಾ, ಮಕ್ಕಳ ಕೈಗೆ ಪುಸ್ತಕ ಕೊಡು. ಎಂತ ಹೆದರುದು? ಲೈಬ್ರರಿಯನ್ನು ಅವರು ಬಾಗಿಲಲ್ಲೇ ನಿಂತು ನೋಡಿ ಹೋಗುದು."

ಪುಸ್ತಕ ಕೊಡಬೇಕಾಗಿರಲಿಲ್ಲ. ಅಗ್ನಿಸುರಕ್ಷತೆಯ ತಪಾಸಣೆಗೆ, ಆರೋಗ್ಯದ ತಪಾಸಣೆಗೆ, ಅಳತೆ ಟೇಪು ಹಿಡಿದು ಬರುವವರಿಗೆ, ಹೀಗೆ ಆ ವರ್ಷ ಈ ಏಳು ಮಂದಿ ಹನ್ನೊಂದು ಸಲ ಇಲ್ಲಿ ಬಂದು ಕೂತಿದ್ದರು. ಉಳಿದ ಮಕ್ಕಳಿಗೆ ಲೈಬ್ರರಿ ಸಿಗುವುದು ತಿಂಗಳಿಗೊಮ್ಮೆ. ಎರಡು ಶಿಫ್ಟಿನ ಸ್ಟಾಫ್ ಮೀಟಿಂಗುಗಳು ಅಲ್ಲೇ ನಡೆಯುತ್ತಿದ್ದವು. ಹಾಗಾಗಿ ಶಾಲೆಯಲ್ಲಿ ಇಲ್ಲದ ಮಕ್ಕಳೇ ಶಾಲೆಯ ಲೈಬ್ರರಿಯನ್ನು ಓದಿ ಮುಗಿಸುತ್ತಾ ಬಂದಿದ್ದರು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ಫರ್ಝಾನಾ ಅವರ ಹಿಂದೆ ನಿಂತು, ಅವರ ಭುಜದ ಮೇಲಿಂದ ಓದಿಕೊಳ್ಳುತ್ತಿದ್ದಳು.

ಈ ಸಲ ಬಂದ ಅಧಿಕಾರಿ ಬಾಗಿಲಲ್ಲಿ ನಿಲ್ಲಲಿಲ್ಲ. ಕಪ್ಪು ಅಬಾಯಾ ಸರಿಮಾಡಿಕೊಂಡು ಒಳಗೆ ಬಂದು, ಮಕ್ಕಳ ಕುಳ್ಳ ಕುರ್ಚಿಯ ಮೇಲೆ ಕೂತು, ಶಝಾಳಿಗೆ ಒಂದು ಪುಟ ಓದಲು ಇಂಗ್ಲಿಷಿನಲ್ಲಿ ಹೇಳಿದರು. ದೋಣಿಯಲ್ಲಿ ಮನೆ ಮಾಡಿದ ಬೆಕ್ಕಿನ ಕಥೆ. ಶಝಾ ಬೆಕ್ಕಿಗೊಂದು ದನಿ, ಅಂಬಿಗನಿಗೊಂದು ದನಿ ಮಾಡಿ ಓದಿದಳು. ಹಾಳೆ ತಿರುವುವ ಮೊದಲೇ ಮುಂದಿನ ಪುಟದ ಮಾತು ಹೇಳಿದಳು. ಆ ಬೆಕ್ಕು ದಡಕ್ಕೆ ಯಾಕೆ ಹೋಗಲಿಲ್ಲ ಎಂದು ಅಧಿಕಾರಿ ಕೇಳಿದ್ದಕ್ಕೆ ಏಳು ಮಂದಿಯೂ ಕೈ ಎತ್ತಿದರು. ಏಳು ಉತ್ತರ ಬಂದವು. ಅಧಿಕಾರಿ ಗಡಿಯಾರ ನೋಡುವುದನ್ನು ಬಿಟ್ಟರು.

"ಮೇಡಂ, ಟೀ ರೆಡಿಯಿದೆ," ಎಂದರು ವಿಲ್ಮಾ.

"ಆಮೇಲೆ. ಈ ವಾರ ನಾಲ್ಕು ಶಾಲೆ ನೋಡಿದೆ. ಎಲ್ಲೂ ಹೀಗೆ ಓದುವ ಮಕ್ಕಳಿಲ್ಲ. ಯಾವ ಕ್ಲಾಸು ಇವರು?"

"ಸೆಕೆಂಡ್, ಮೇಡಂ."

"ಎ? ಬಿ?"

ವಿಲ್ಮಾ ಮೇಡಂ ಪುಸ್ತಕದ ಕಪಾಟನ್ನು ನೋಡಿದರು. ಅಲ್ಲಿ ಏನೂ ಬರೆದಿರಲಿಲ್ಲ. "ಸಿ," ಎಂದರು.

"ಒಳ್ಳೆಯದು. ವರದಿಯಲ್ಲಿ ಇವರ ಹೆಸರು ಹಾಕುತ್ತೇನೆ. ಕಚೇರಿಯಿಂದ ಒಬ್ಬೊಬ್ಬರಿಗೂ ಪ್ರಮಾಣಪತ್ರ ಬರುತ್ತದೆ." ಅಧಿಕಾರಿ ಫೈಲಿನಿಂದ ಒಂದು ಹಾಳೆ ತೆಗೆದರು. ಬೆಳಿಗ್ಗೆ ಶಾಲೆಯೇ ಸೀಲು ಹೊಡೆದು ಕೊಟ್ಟ ಎರಡನೇ ಸಿ ಪಟ್ಟಿ. ಮೂವತ್ತು ಹೆಸರು. "ಬರೆಯುವುದೇ ಬೇಡ, ಇದರಲ್ಲೇ ಗುರುತು ಮಾಡುತ್ತೇನೆ."

"ಟೀ ತಣಿತದೆ ಮೇಡಂ," ಎಂದ ಮುದ್ದುಕೃಷ್ಣ ಬಾಗಿಲಿನಿಂದ. ಅವನನ್ನು ಯಾರೂ ಕೇಳಿರಲಿಲ್ಲ.

ಅಧಿಕಾರಿ ಪಟ್ಟಿಯನ್ನು ಮಂಡಿಯ ಮೇಲೆ ಹರಡಿ, ಪೆನ್ನಿನ ಮುಚ್ಚಳ ತೆಗೆದು, ಶಝಾಳ ಕಡೆ ಬಾಗಿದರು.

"ನಿನ್ನ ಹೆಸರು ಹೇಳು."

ಶಝಾ ಫರ್ಝಾನಾಳ ಮುಖ ನೋಡಿದಳು. ಅವಳು ನೋಡಿದ್ದರಿಂದ ಉಳಿದ ಆರು ಮಂದಿಯೂ ನೋಡಿದರು. ಫರ್ಝಾನಾ ಮೇಜಿನ ಮೇಲೆ ನೆಟ್ಟಗೇ ಇದ್ದ ಪುಸ್ತಕಗಳನ್ನು ನೆಟ್ಟಗೆ ಮಾಡುತ್ತಿದ್ದಳು. ಪೆನ್ನಿನ ತುದಿ ಮೊದಲ ಹೆಸರಿನಿಂದ ಕೊನೆಯ ಹೆಸರಿನವರೆಗೆ ಮೆಲ್ಲಗೆ ಇಳಿದು, ಮತ್ತೆ ಮೇಲೆ ಹೋಗಿ ನಿಂತಿತು.

"ನಾಚಿಕೆಯಾ? ಪರವಾಗಿಲ್ಲ," ಎಂದರು ಅಧಿಕಾರಿ, ಕಿವಿಯನ್ನು ಅವಳ ಬಾಯಿಯ ಹತ್ತಿರ ತಂದು. "ನನಗೆ ಮಾತ್ರ ಹೇಳು."